ನಿಸು ಇಳಿದು ಬಂದ ಮೆಟ್ಟಿಲು

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ನಮ್ಮೂರಿನ ಯಾವ ಮನೆಯಲ್ಲೂ ನೆಲದ ಮೇಲೆ ಜಮಖಾನ ಉಳಿಯುವುದಿಲ್ಲ. ಎಲ್ಲವನ್ನೂ ಹೊರಗೆಳೆದು, ಹೊಸ ಹಿಮದ ಮೇಲೆ ಬೋರಲು ಹಾಕಿ, ಕೋಲಿನಿಂದ ಬಡಿಯುತ್ತೇವೆ. ವರ್ಷದ ಧೂಳೆಲ್ಲ ಹಿಮದ ಮೇಲೆ ಬೂದು ಪಟ್ಟಿಯಾಗಿ ಕೂರುತ್ತದೆ. ಯಾರ ಮನೆಯ ಪಟ್ಟಿ ಹೆಚ್ಚು ಕಪ್ಪಗಿದೆ ಎಂದು ಅಕ್ಕಪಕ್ಕದವರು ಕಿಟಕಿಯಿಂದಲೇ ನೋಡಿಕೊಳ್ಳುತ್ತೇವೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಒಳಗೆ ಬರಿದಾದ ಹಲಗೆ ನೆಲವನ್ನು ಪೈನ್ ಸೋಪು ಹಾಕಿ ಉಜ್ಜಿ, ಹೊಳಪು ಬರುವ ತನಕ ಬಿಡುವುದಿಲ್ಲ.

ಜಾರುತ್ತದೆ ಜೋಪಾನ ಎಂದು ಗಂಡನಿಗೆ ಹೇಳುತ್ತೇವೆ, ಮಕ್ಕಳಿಗೆ ಹೇಳುತ್ತೇವೆ. ಬೆಕ್ಕಿಗೆ ಹೇಳುವುದು ಯಾರಿಗೂ ನೆನಪಾಗುವುದಿಲ್ಲ. ನಮ್ಮ ಪಕ್ಕದ ಮನೆಯ ಐಲಾಗೂ ನೆನಪಾಗಲಿಲ್ಲ. ಆ ಕಥೆಯನ್ನೇ ಹೇಳುತ್ತೇನೆ, ಕೇಳಿ.

ಐಲಾ ಮನೆಯ ಬೆಕ್ಕಿನ ಹೆಸರು ನಿಸು. ನಮ್ಮ ಕಡೆ ನಿಸು ಎಂದರೆ ಏಲಕ್ಕಿ ಹಾಕಿದ ಸಿಹಿ ಬನ್ನು. ಮರಿಯಾಗಿದ್ದಾಗ ಅದು ಉಬ್ಬಲು ಇಟ್ಟ ಹಿಟ್ಟಿನ ಪಕ್ಕದಲ್ಲೇ ಸುರುಳಿ ಸುತ್ತಿ ಮಲಗುತ್ತಿತ್ತು. ಬಣ್ಣವೂ ಬನ್ನಿನದೇ, ಆಕಾರವೂ ಬನ್ನಿನದೇ. ಈಗ ಅದಕ್ಕೆ ವಯಸ್ಸಾಗಿದೆ. ಮನೆ ಮುಂದಿನ ರಸ್ತೆಯಲ್ಲಿ ಮರದ ದಿಮ್ಮಿ ಹೊತ್ತ ಲಾರಿಗಳು ಓಡಾಡುವುದರಿಂದ ಮೊದಲಿನಿಂದಲೂ ಅದನ್ನು ಹೊರಗೆ ಬಿಟ್ಟಿಲ್ಲ. ಅದರ ಪ್ರಪಂಚವೆಂದರೆ ಐಲಾಳ ಅಡುಗೆಮನೆ, ಆ ಪ್ರಪಂಚದ ಸಿಂಹಾಸನವೆಂದರೆ ಆಳೆತ್ತರದ ಇಟ್ಟಿಗೆ ಒಲೆಯ ಮೇಲಿನ ಕಟ್ಟೆ. ದಿನಕ್ಕೊಮ್ಮೆ ಸೌದೆ ಉರಿಸಿದರೆ ಆ ಕಟ್ಟೆ ಮರುದಿನ ಬೆಳಗಿನವರೆಗೂ ಹದವಾಗಿ ಬೆಚ್ಚಗಿರುತ್ತದೆ. ಹತ್ತುವಾಗ ನಿಸು ಮೊದಲು ಸೌದೆ ಪೆಟ್ಟಿಗೆ, ಅಲ್ಲಿಂದ ಗೋಡೆಯ ಹಲಗೆ, ಆಮೇಲೆ ಕಟ್ಟೆ ಎಂದು ನಿಧಾನವಾಗಿ ಹೋಗುತ್ತಿತ್ತು. ಇಳಿಯುವಾಗ ಮಾತ್ರ ಒಂದೇ ನೆಗೆತ, ಒಲೆಯ ಮುಂದೆ ಹಾಸಿದ ದಪ್ಪ ಚಿಂದಿ ಜಮಖಾನದ ಮೇಲೆ.

ಐಲಾಳ ಗಂಡ ತೌನೊ ಸೌನಾ ಎಂಬ ಬಿಸಿ ಹಬೆಸ್ನಾನದ ಕೋಣೆಗಳಿಗೆ ಕೂರುವ ಹಲಗೆ, ಮೆಟ್ಟಿಲು ಮಾಡುವ ಬಡಗಿ. ಮಾತು ಕಡಿಮೆ. ಹೆಂಡತಿಗೆ ಹೇಳದ ಮಾತನ್ನೂ ಬೆಕ್ಕಿಗೆ ಹೇಳುವ ಜಾತಿಯ ಗಂಡಸು. ಬೆಳಿಗ್ಗೆ ಎದ್ದು ಕಾಫಿ ಬಟ್ಟಲು ಹಿಡಿದು ಒಲೆಗೆ ಬೆನ್ನು ಕೊಟ್ಟು ನಿಂತರೆ, ಮೇಲಿನಿಂದ ನಿಸು ಕಾಲು ಚಾಚಿ ಅವನ ಟೋಪಿ ಕೆಡವುತ್ತಿತ್ತು. ಅವನು ಬಗ್ಗಿ ಎತ್ತಿ ಹಾಕಿಕೊಳ್ಳುತ್ತಿದ್ದ. ಅದು ಮತ್ತೆ ಕೆಡವುತ್ತಿತ್ತು. ಒಂದು ಬಟ್ಟಲು ಕಾಫಿ ಮುಗಿಯುವ ತನಕ ಇದೇ ಆಟ. ಮನೆಯೊಳಗೆ ಟೋಪಿ ಯಾಕೆ ಎಂದು ಕೇಳಿದರೆ ತಲೆಗೆ ಚಳಿ ಎನ್ನುತ್ತಿದ್ದ. ಬೆನ್ನ ಹಿಂದೆ ಬಿಸಿ ಒಲೆ, ತಲೆಗೆ ಚಳಿಯಂತೆ.

ಆ ದಿನ ನಾನೂ ಐಲಾಳೂ ಬೇಲಿಯ ಆಚೆ ಈಚೆ ಜಮಖಾನ ಬಡಿಯುತ್ತಿದ್ದೆವು. ಅವಳ ನೆಲ ತೊಳೆದಾಗಿತ್ತು, ಒಣಗಲೆಂದು ಬಾಗಿಲು ತೆರೆದಿಟ್ಟಿದ್ದಳು. ಒಳಗೆ ಧಪ್ ಎಂದು ಸದ್ದಾಯಿತು, ಹಿಂದೆಯೇ ಏನೋ ಬೆಂಚಿಗೆ ಬಡಿದ ಸದ್ದು. ಇಬ್ಬರೂ ಹಿಮದ ಬೂಟಿನಲ್ಲೇ ಒಳಗೆ ಓಡಿದೆವು. ನಿಸು ಬೆಂಚಿನ ಕಾಲಿನ ಹತ್ತಿರ ಮಲಗಿತ್ತು. ಯಾವತ್ತಿನ ಹಾಗೆ ಮೇಲಿನಿಂದ ನೆಗೆದಿದೆ, ಜಮಖಾನ ಇರಬೇಕಾದಲ್ಲಿ ಬರೀ ಸೋಪಿನ ನೆಲ ಸಿಕ್ಕಿದೆ, ಮುಂಗಾಲು ಎರಡು ಕಡೆ ಜಾರಿ ಎದೆಯೂರಿ ಬಿದ್ದು ಅಲ್ಲಿಯವರೆಗೆ ಸರಿದುಹೋಗಿದೆ. ನಾವು ನೋಡುತ್ತಿದ್ದಂತೆ ಎದ್ದು, ಬಲ ಮುಂಗಾಲನ್ನು ಎತ್ತಿಕೊಂಡು, ಕುಂಟುತ್ತಾ ಬೆಂಚಿನ ಅಡಿಗೆ ಹೋಗಿ ಸೇರಿಕೊಂಡಿತು. ತೊಳೆದ ನೆಲದ ಮೇಲೆ ನಮ್ಮ ಬೂಟಿನ ಗುರುತು ತುಂಬಿತ್ತು. ಐಲಾ ಅದರ ಕಡೆ ನೋಡಲೂ ಇಲ್ಲ.

ಕೆಲಸದ ಕೊಟ್ಟಿಗೆಯಿಂದ ಬಂದ ತೌನೊ ಬೆಂಚಿನ ಅಡಿಗೆ ಒಮ್ಮೆ ಬಗ್ಗಿ ನೋಡಿದ.

"ಬೆಕ್ಕು ಕಣೇ ಅದು. ಎಲ್ಲಿಂದ ಬಿದ್ರೂ ನಾಕು ಕಾಲ ಮೇಲೇ ಬೀಳತ್ತೆ," ಎಂದ.

ನೆಲ ಜಾರುತ್ತಿತ್ತು, ತಪ್ಪು ನನ್ನದೇ ಎಂದು ಐಲಾ ಕಣ್ಣೊರೆಸಿಕೊಂಡಳು.

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ನಾಟಕ ಮಾಡ್ತಿದೆ. ಸಂಜೆಗೆ ಮೀನಿನ ವಾಸನೆ ಬಂದ್ರೆ ತಾನೇ ಎದ್ದು ಬರತ್ತೆ, ನೋಡ್ತಿರು."

ಸಂಜೆ ಮೀನು ಬೆಂದಿತು, ವಾಸನೆಯೂ ಬಂತು. ನಿಸು ಬರಲಿಲ್ಲ. ಆಗ ತೌನೊ ತನ್ನ ಬೆನ್ನುನೋವಿನ ಮಾತ್ರೆಯಲ್ಲಿ ಒಂದು ಚೂರು ಮುರಿದು ಕೈಯಲ್ಲಿ ಹಿಡಿದುಕೊಂಡು ಬೆಂಚಿನ ಹತ್ತಿರ ಕೂತ. ಸದ್ಯ, ಅಷ್ಟರಲ್ಲಿ ಐಲಾ ಸಿರ್ಕಾಗೆ ಫೋನ್ ಮಾಡಿದ್ದಳು. ಸಿರ್ಕಾ ನಮ್ಮ ರಸ್ತೆಯ ತಿರುವಿನಲ್ಲೇ ಇರುವವಳು, ಪಟ್ಟಣದ ಪ್ರಾಣಿಗಳ ಆಸ್ಪತ್ರೆಯಲ್ಲಿ ದಾದಿ. ಬಾಯಿ ಸ್ವಲ್ಪ ಜೋರು, ಕೈ ಮಾತ್ರ ಬಹಳ ಮೆದು. ಒಳಗೆ ಬಂದವಳು ಮೊದಲು ಮಾಡಿದ ಕೆಲಸ, ತೌನೊನ ಕೈಯಿಂದ ಆ ಮಾತ್ರೆ ಕಿತ್ತುಕೊಂಡದ್ದು. ಮನುಷ್ಯರ ನೋವಿನ ಮಾತ್ರೆ ಬೆಕ್ಕಿಗೆ ವಿಷ, ಒಂದು ಚೂರೇ ಅದರ ಪ್ರಾಣ ತೆಗೆಯಬಹುದು ಎಂದಳು. ತೌನೊನ ಮುಖ ಬಿಳಿಚಿಕೊಂಡಿತು. ಅವನು ಸಲಹೆ ಕೇಳುವವನಲ್ಲ, ಆದರೆ ಆ ಸಂಜೆ ಸಿರ್ಕಾ ಕಾರು ಹೊರಗೆ ತೆಗೆ ಎಂದಾಗ ತಕ್ಷಣ ತೆಗೆದ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಮುರಿದಿರಲಿಲ್ಲ, ಮುಂಗಾಲಿನ ಮಣಿಕಟ್ಟು ಉಳುಕಿತ್ತು. ಅದರ ಜೊತೆಗೆ ಇನ್ನೊಂದು ವಿಷಯವೂ ತಿಳಿಯಿತು. ನಿಸುವಿನ ಕೀಲುಗಳು ಸವೆದಿದ್ದವು, ಇವತ್ತು ನಿನ್ನೆಯದಲ್ಲ. ಈಚೆಗೆ ಅದು ನೆಗೆಯುವ ಮುಂಚೆ ಬಹಳ ಹೊತ್ತು ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಿದ್ದುದು ಐಲಾಗೆ ಆಗ ನೆನಪಾಯಿತು. ಸೋಮಾರಿತನ ಎಂದುಕೊಂಡಿದ್ದಳಂತೆ.

ಮರುದಿನ ಸಿರ್ಕಾ ಔಷಧಿ ಕುಡಿಸುವುದನ್ನು ಹೇಳಿಕೊಡಲು ಬಂದಳು. ನಾನೂ ಅಲ್ಲೇ ಇದ್ದೆ. ಬೂಟು ಬಿಚ್ಚಿ, ಉಣ್ಣೆಯ ಕಾಲುಚೀಲದಲ್ಲಿ ಒಲೆಯ ಕಡೆಗೆ ಎರಡು ಹೆಜ್ಜೆ ಇಟ್ಟವಳು ಸರ್ರನೆ ಜಾರಿ ತೌನೊನ ತೋಳು ಹಿಡಿದುಕೊಂಡಳು. ಬೀಳಲಿಲ್ಲ, ಪುಣ್ಯ.

"ನೆಲ ಡೊಂಕೇ ಇದೆ ಕಣಯ್ಯ," ಎಂದಳು, ಅವನ ಗಾದೆಯನ್ನು ಐಲಾಳಿಂದ ಕೇಳಿದ್ದವಳು.

ಎಲ್ಲರಿಗಿಂತ ಮೊದಲು ನಕ್ಕವಳು ನಾನು. ಆಮೇಲೆ ಕಾಫಿಗೆ ಕೂತಾಗ ಅವಳು ಸಮಾಧಾನವಾಗಿ ವಿವರಿಸಿದಳು. ಬೆಕ್ಕಿನ ಉಗುರು ಹಿಂದಕ್ಕೆ ಬಾಗಿರುತ್ತದೆ. ಹತ್ತುವಾಗ ಕೊಕ್ಕೆಯ ಹಾಗೆ ಕಚ್ಚಿಕೊಳ್ಳುತ್ತದೆ, ತಲೆ ಕೆಳಗೆ ಮಾಡಿ ಇಳಿಯುವಾಗ ಆ ಹಿಡಿತ ಸಿಗುವುದಿಲ್ಲ. ಅದಕ್ಕೇ ಬೆಕ್ಕು ಮೇಲಿನಿಂದ ನೆಗೆದುಬಿಡುತ್ತದೆ. ನೆಗೆದಾಗ ಇಡೀ ಮೈಭಾರ ಮುಂಗಾಲಿನ ಮೇಲೆ ಬೀಳುತ್ತದೆ. ಎಳೆಯ ಬೆಕ್ಕಿಗೆ ಅದು ಲೆಕ್ಕಕ್ಕಿಲ್ಲ, ವಯಸ್ಸಾದ ಬೆಕ್ಕಿಗೆ ಪ್ರತಿ ನೆಗೆತವೂ ನೋವು. ನಾಲ್ಕು ಕಾಲ ಮೇಲೆ ಬಿದ್ದರೂ ಪೆಟ್ಟು ಪೆಟ್ಟೇ ಎಂದಳು.

"ಇನ್ನೊಂದು ಸಲ ಹೀಗೇ ಬಿದ್ರೆ ನಾನೇನೂ ಭರವಸೆ ಕೊಡಕ್ಕಾಗಲ್ಲ ಐಲಾ," ಎಂದು ಸಿರ್ಕಾ ಹೇಳಿದಾಗ ಐಲಾ ಬಟ್ಟಲು ಕೆಳಗಿಟ್ಟಳು.

ತೌನೊ ಅವತ್ತೇ ತನ್ನ ದಾರಿ ಕಂಡುಕೊಂಡ. ಸೌದೆ ಪೆಟ್ಟಿಗೆಯನ್ನು ದೂರ ಸರಿಸಿದ, ಗೋಡೆಯ ಹಲಗೆ ಕಿತ್ತ, ಒಲೆಯ ಕಟ್ಟೆಗೆ ಅಡ್ಡಲಾಗಿ ಒಂದು ಮರದ ತಡೆ ನಿಲ್ಲಿಸಿದ. ಹತ್ತುವುದೇ ಇಲ್ಲ ಎಂದಮೇಲೆ ಬೀಳುವುದೆಲ್ಲಿಂದ ಎಂಬುದು ಅವನ ವಾದ. ಸಿರ್ಕಾ ಬೇಡವೆಂದಳು. ಬೆಕ್ಕಿಗೆ ಎತ್ತರ ಬೇಕೇ ಬೇಕು, ಎತ್ತರದಲ್ಲಿದ್ದರೆ ಅದಕ್ಕೆ ಧೈರ್ಯ. ಒಂದು ದಾರಿ ಮುಚ್ಚಿದರೆ ಇನ್ನೂ ಕೆಟ್ಟ ದಾರಿ ಹುಡುಕುತ್ತದೆ, ಅದರ ಬದಲು ಮೆಟ್ಟಿಲು ಮಾಡಿಕೊಡು ಎಂದಳು.

"ಬೆಕ್ಕಿಗೆ ಮೆಟ್ಟಿಲಾ? ನಾಳೆ ಕೈ ಹಿಡ್ಕೊಳಕ್ಕೆ ಕಟಕಟೇನೂ ಕೇಳ್ತೀಯ," ಎಂದು ತೌನೊ ಎದ್ದು ಹೋದ.

ಕಾಲಿನ ಊತ ಇಳಿಯುತ್ತಿದ್ದಂತೆ ಸಿರ್ಕಾ ಹೇಳಿದಂತೆಯೇ ಆಯಿತು. ನಿಸು ಪಾತ್ರೆ ಕಪಾಟು ಹತ್ತಲು ಹೋಯಿತು. ಹಬ್ಬಕ್ಕೆಂದು ತೆಗೆದಿಟ್ಟ ಹೂವಿನ ಬಟ್ಟಲುಗಳು ಕೆಳಗೆ ಬಂದವು. ಬಟ್ಟಲು ಹೋದರೆ ಹೋಗಲಿ, ನಿಸು ಹೆದರಿ ಮೂಲೆ ಸೇರಿತಲ್ಲ, ಅದು ಐಲಾಗೆ ಸಹಿಸಲಾಗಲಿಲ್ಲ. ಉಳಿದ ಹೊತ್ತೆಲ್ಲ ಅದು ಒಲೆಯ ಮುಂದೆ ಕೂತು, ಮುಖವೆತ್ತಿ, ಆ ಮರದ ತಡೆಯನ್ನೇ ನೋಡುತ್ತಿತ್ತು. ಕೂಗುತ್ತಿರಲಿಲ್ಲ. ಕೂಗಿದ್ದರೆ ಬೈಯಬಹುದಿತ್ತು ಎಂದು ಐಲಾ ನನ್ನ ಹತ್ತಿರ ಹೇಳಿದಳು.

ಇನ್ನೊಂದನ್ನೂ ಹೇಳಿದಳು. ಬೆಳಿಗ್ಗೆ ಅವಳು ಮಲಗುವ ಕೋಣೆಯಿಂದ ಬರುವಾಗ ತೌನೊ ಯಾವತ್ತಿನ ಹಾಗೆ ಕಾಫಿ ಹಿಡಿದು ಒಲೆಗೆ ಬೆನ್ನು ಕೊಟ್ಟು ನಿಂತಿದ್ದನಂತೆ. ಟೋಪಿ ತಲೆಯ ಮೇಲೇ ಇತ್ತು, ಕೆಡವುವವರಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಅದನ್ನು ತೆಗೆದು ಕಟ್ಟೆಯ ಅಂಚಿನಲ್ಲಿಟ್ಟ. ನೋಡಿದ. ಮತ್ತೆ ಎತ್ತಿ ಹಾಕಿಕೊಂಡ. ಆಮೇಲೆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಕೊಟ್ಟಿಗೆಗೆ ಹೋದ. ಐಲಾ ಬಾಗಿಲ ಹಿಂದೆ ನಿಂತು ಅತ್ತಳಂತೆ. ನನ್ನ ಮಟ್ಟಿಗೆ ಹೇಳುವುದಾದರೆ, ನಾನು ಆ ಮನುಷ್ಯನನ್ನು ಅಲ್ಲಿಯವರೆಗೆ ಬರೀ ಮೊಂಡ ಎಂದೇ ತಿಳಿದಿದ್ದೆ.

ಅವತ್ತು ಇಡೀ ದಿನ ಕೊಟ್ಟಿಗೆಯಲ್ಲಿ ಮರಕ್ಕೆ ರಂದ ಹೊಡೆಯುವ ಸದ್ದು. ಮಾರನೆಯ ದಿನ ತೌನೊ ಏಣಿಯೊಂದನ್ನು ಹೊತ್ತು ತಂದ. ಅಂಥ ಚಂದದ ಏಣಿಯನ್ನು ನಾನು ನೋಡಿಲ್ಲ. ಬಿಳಿ ಮರ, ಬೆಣ್ಣೆಯ ಹಾಗೆ ಉಜ್ಜಿದ್ದು, ಮೇಲೆ ಅರಗಿನ ಹೊಳಪು. ಮರದ ತಡೆಯನ್ನು ತಾನೇ ಕಿತ್ತುಹಾಕಿ, ಏಣಿಯನ್ನು ಒಲೆಗೆ ಒರಗಿಸಿ, ಈಗ ಸಮಾಧಾನವಾಯಿತಾ ಎನ್ನುವಂತೆ ನಮ್ಮ ಮುಖ ನೋಡಿದ.

ನಿಸು ಮೂಸಿತು. ಐಲಾ ಬೇಯಿಸಿದ ಮೀನಿನ ಚೂರನ್ನು ಮೇಲೆ ಇಟ್ಟಳು. ಅದು ಮೀನಿನ ಆಸೆಗೆ ಜಾರುತ್ತಾ, ಪರಚುತ್ತಾ, ಹೇಗೋ ಮೇಲೆ ಹೋಯಿತು. ನಾವು ಚಪ್ಪಾಳೆ ತಟ್ಟಿದೆವು. ಮೀನು ತಿಂದು ಇಳಿಯಲು ಬಂದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿತು, ಕಾಲು ಜಾರಿತು, ಏಣಿಯೂ ಒಂದಿಷ್ಟು ಅಲ್ಲಾಡಿತು. ನಿಸು ಹಿಂದೆ ಸರಿದು ಗೋಡೆಗೆ ಅಂಟಿಕೊಂಡು, ಅಷ್ಟು ದಿನ ಕೂಗದೆ ಇದ್ದುದು ಈಗ ಕೂಗತೊಡಗಿತು. ತೌನೊ ಕುರ್ಚಿ ಹತ್ತಿ ಎತ್ತಿಕೊಂಡು ಇಳಿಸಿದ. ಕೈಯೆಲ್ಲ ಪರಚಿ ರಕ್ತ ಬಂದಿತ್ತು. ಅದಕ್ಕಿಂತ ಏಣಿಯ ಅವಮಾನವೇ ಅವನಿಗೆ ಹೆಚ್ಚು ಉರಿಯಿತು ಎಂದು ಕಾಣುತ್ತದೆ.

ಸಂಜೆ ಸಿರ್ಕಾ ಬಂದು ಏಣಿಯ ಮೇಲೆ ಕೈಯಾಡಿಸಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ತೌನೊ, ನೀನು ಮೆಟ್ಟಿಲನ್ನ ಯಾಕೆ ಇಷ್ಟು ನುಣುಪು ಮಾಡ್ತೀಯ?"

"ಸೌನಾದಲ್ಲಿ ಜನ ಬರಿಮೈಲಿ ಕೂರ್ತಾರೆ. ಒಂದು ಸಿಬಿರು ಎದ್ರೂ ಯಾರಿಗೆಲ್ಲಿ ಚುಚ್ಚತ್ತೆ ಗೊತ್ತಲ್ಲ."

"ಹೌದಾ? ಇದು ಕೂರೋರಿಗೆ ಮಾಡಿದ್ದು. ನಿಸು ಉಗುರೂರಿ ನಡೆಯೋದು. ಅದಕ್ಕೆ ಒರಟು ಬೇಕು."

ತೌನೊ ಏಣಿಯ ಮೆಟ್ಟಿಲೊಂದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಜೀವಮಾನವೆಲ್ಲ ನುಣುಪು ಮಾಡಿದ ಕೈ. ಒರಟು ಮಾಡು ಎಂದರೆ ಅದಕ್ಕೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವನೇ ಒಂದೊಂದಾಗಿ ಕೇಳತೊಡಗಿದ. ಎಷ್ಟು ಅಗಲ, ಎಷ್ಟು ಇಳಿಜಾರು, ಎಲ್ಲಿ ಮೊಳೆ. ಸಿರ್ಕಾ ಹೇಳಿದಳು. ಏಣಿಯ ಹಾಗೆ ಕಡಿದಾಗಿರಬಾರದು, ಮಹಡಿ ಮೆಟ್ಟಿಲ ಹಾಗೆ ಸಾವಕಾಶ ಇರಬೇಕು. ಪ್ರತಿ ಮೆಟ್ಟಿಲೂ ನಿಸು ನಾಲ್ಕೂ ಕಾಲೂರಿ ನಿಂತು ತಿರುಗುವಷ್ಟು ಅಗಲವಿರಬೇಕು. ಒಂದರಿಂದ ಇನ್ನೊಂದಕ್ಕೆ ನೆಗೆಯದೆ ಕಾಲಿಡುವಷ್ಟೇ ಎತ್ತರ. ಒರಗಿಸಿ ನಿಲ್ಲಿಸಿದರೆ ಸಾಲದು, ಗೋಡೆಗೆ ಬಿಗಿಯಾಗಿ ಜೋಡಿಸಬೇಕು. ಒಂದೇ ಒಂದು ಸಲ ಅಲುಗಿದರೂ ಬೆಕ್ಕು ಅದನ್ನು ಮತ್ತೆ ನಂಬುವುದಿಲ್ಲ. ಬೆಂಕಿಯ ಬಾಯಿಯಿಂದ ದೂರ, ಒಲೆಯ ಪಕ್ಕದ ಗೋಡೆಗೆ ಇರಲಿ. ಮೇಲೆ ದಪ್ಪ ಬಟ್ಟೆ ಹೊದಿಸಿ ಬಿಗಿಯಾಗಿ ಮೊಳೆ ಹೊಡೆಯಬೇಕು, ಉಗುರು ಸಿಕ್ಕಿಕೊಳ್ಳುವಂಥ ದಾರ ಜೋತಾಡಬಾರದು.

ದಪ್ಪ ಬಟ್ಟೆ ಎಂದಾಗ ಐಲಾ ಎದ್ದು ಒಳಗೆ ಹೋದಳು. ಒಲೆಯ ಮುಂದೆ ಹಾಸುತ್ತಿದ್ದ ಆ ಚಿಂದಿ ಜಮಖಾನವನ್ನೇ ಎತ್ತಿಕೊಂಡು ಬಂದಳು. ಹೊಸದಾಗಿ ಮದುವೆಯಾದಾಗ ತೌನೊನ ಹಳೆಯ ಕೆಲಸದ ಅಂಗಿಗಳನ್ನು ಸೀಳಿ ಅವಳೇ ನೇಯ್ದದ್ದು, ನಡುವೆ ನೀಲಿ ಪಟ್ಟಿ. ನಾನೊಮ್ಮೆ ಒದ್ದೆ ಬೂಟು ಅದರ ಮೇಲೆ ಇಟ್ಟು ಒಂದು ವಾರ ಅವಳ ಮಾತು ಕಳೆದುಕೊಂಡಿದ್ದೆ. ಈಗ ಅವಳ ಇನ್ನೊಂದು ಕೈಯಲ್ಲಿ ಕತ್ತರಿ ಇತ್ತು. ನಮ್ಮನೆಯಲ್ಲಿ ಹಳೆಯದೊಂದು ಬಿದ್ದಿದೆ, ತಂದುಕೊಡುತ್ತೇನೆ, ಇದನ್ನು ಕತ್ತರಿಸಬೇಡ ಎಂದೆ.

"ಇದನ್ನ ನೆಲದಿಂದ ತೆಗೆದಿದ್ದಕ್ಕೇ ಅಲ್ವಾ ಅದು ಬಿದ್ದಿದ್ದು," ಎಂದಳು ಐಲಾ. "ಇದರ ಮೇಲೇ ಇಳೀಲಿ."

ಅರ್ಧ ಕತ್ತರಿಸಿದಳು. ಸಿರ್ಕಾ ಒಳ್ಳೆಯದೇ ಆಯಿತು ಎಂದಳು, ಪರಿಚಯದ ವಾಸನೆ ಇದ್ದರೆ ಬೆಕ್ಕಿಗೆ ಬೇಗ ಧೈರ್ಯ ಬರುತ್ತದಂತೆ. ಉಳಿದರ್ಧವನ್ನು, ಅಡಿಯಲ್ಲಿ ಜಾರದಂತೆ ರಬ್ಬರಿನ ಬಲೆ ಹಾಕಿ, ಕೊನೆಯ ಮೆಟ್ಟಿಲ ಮುಂದೆ ಹಾಸಿದರು. ತೌನೊ ಆ ಚಂದದ ಏಣಿಯನ್ನು ಬಿಚ್ಚಿ, ಅದೇ ಮರಕ್ಕೆ ಇನ್ನಷ್ಟು ಹಲಗೆ ಸೇರಿಸಿ, ನಡುವೆ ಒಂದು ತಿರುವು ಕೊಟ್ಟು ಹೊಸ ಮೆಟ್ಟಿಲು ಮಾಡಿದ. ಗೋಡೆಗೆ ಜೋಡಿಸಿ, ತನ್ನ ಮೈಭಾರವೆಲ್ಲ ಹಾಕಿ ಅಲುಗಿಸಿ ನೋಡಿದ. ಅಲುಗಲಿಲ್ಲ.

ಇನ್ನು ನಿಸುವನ್ನು ಎತ್ತಿ ಮೆಟ್ಟಿಲ ಮೇಲೆ ಬಿಡೋಣ ಎಂದು ಅವನು ಹೊರಟಾಗ ಸಿರ್ಕಾ ತಡೆದಳು. ಎತ್ತಿ ಬಿಟ್ಟರೆ ಹೆದರಿ ಓಡುತ್ತದೆ, ಅದು ತಾನಾಗಿ ಬರಲಿ, ನೀವು ಮೀನಿನ ಚೂರು ಇಟ್ಟು ಸುಮ್ಮನೆ ಕೂರಿ ಎಂದಳು. ಮೊದಲು ಕೆಳಗಿನ ಮೆಟ್ಟಿಲಲ್ಲಿ, ಆಮೇಲೆ ಅದರ ಮೇಲಿನದರಲ್ಲಿ. ಇಳಿಯುವಾಗಲೂ ಹಾಗೆಯೇ, ಒಂದೊಂದರಲ್ಲಿ ಒಂದೊಂದು ಚೂರು. ಅವಸರ ಮಾಡದೆ ಕೂರುವುದು ತೌನೊಗೆ ಕಷ್ಟವಾಗಲಿಲ್ಲ, ಸುಮ್ಮನಿರುವುದರಲ್ಲಿ ಅವನು ಪಳಗಿದವನು. ನಿಸು ಅವತ್ತು ಒಂದು ಮೆಟ್ಟಿಲು ಹತ್ತಿ ಇಳಿಯಿತು. ಮಾರನೆಯ ದಿನ ತಿರುವಿನವರೆಗೆ ಹೋಗಿ ಅಲ್ಲೇ ಕೂತು ಮುಖ ತೊಳೆದುಕೊಂಡಿತು. ಹೀಗೇ ಹಬ್ಬ ಬಂದೇ ಬಿಟ್ಟಿತು.

ಕ್ರಿಸ್‌ಮಸ್ ಬೆಳಿಗ್ಗೆ ನಾನು ಅಕ್ಕಿ ಗಂಜಿಗೆ ಹಾಕಲು ಚಕ್ಕೆ ಇಲ್ಲವೆಂದು ಐಲಾ ಮನೆಗೆ ಹೋದೆ. ಅವಳು ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು. ಒಳಗೆ ತೌನೊ ಕಾಫಿ ಹಿಡಿದು ಒಲೆಗೆ ಬೆನ್ನು ಕೊಟ್ಟು ನಿಂತಿದ್ದ. ತಲೆಯ ಮೇಲೆ ಟೋಪಿ. ಮೇಲಿನಿಂದ ಬನ್ನಿನ ಬಣ್ಣದ ಕಾಲೊಂದು ಮೆಲ್ಲಗೆ ಕೆಳಗೆ ಬಂತು. ಟೋಪಿ ನೆಲಕ್ಕೆ ಬಿತ್ತು. ಅವನು ಬಗ್ಗಿ ಎತ್ತಿಕೊಳ್ಳಲಿಲ್ಲ, ಹಾಗೆಯೇ ನಿಂತಿದ್ದ, ಅವನ ಭುಜ ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ ನಮಗೆ ಗೊತ್ತಾಗಲಿಲ್ಲ, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದ.

ಸ್ವಲ್ಪ ಹೊತ್ತಿಗೆ ನಿಸು ಎದ್ದು ಮೈಮುರಿಯಿತು. ಅಂಚಿಗೆ ಬಂದು ಕೆಳಗೆ ನೋಡಿತು. ಐಲಾ ನನ್ನ ಕೈ ಹಿಡಿದುಕೊಂಡಳು. ನಿಸು ನೆಗೆಯಲಿಲ್ಲ. ಪಕ್ಕಕ್ಕೆ ತಿರುಗಿ ಮೆಟ್ಟಿಲ ಮೇಲೆ ಕಾಲಿಟ್ಟಿತು, ನೀಲಿ ಪಟ್ಟಿಯ ಮೇಲೆ ಉಗುರೂರಿ, ಒಂದೊಂದೇ ಇಳಿದು, ತಿರುವಿನಲ್ಲಿ ಒಮ್ಮೆ ನಿಂತು, ಕೆಳಗೆ ಬಂದು ತನ್ನ ಬಟ್ಟಲಿನ ಕಡೆ ನಡೆದುಕೊಂಡು ಹೋಯಿತು. ಕುಂಟು ಇರಲಿಲ್ಲ. ಐಲಾ ಬಿಟ್ಟ ನಿಟ್ಟುಸಿರು ಅಡುಗೆಮನೆಗೆಲ್ಲ ಕೇಳಿಸಿತು.

"ಕಟಕಟೆ ಬೇಕಾಗಿಲ್ಲ ಅನ್ಸತ್ತೆ," ಎಂದ ತೌನೊ, ಕಿಟಕಿಯ ಕಡೆಗೇ ನೋಡುತ್ತಾ.

ಈಗ ಅವನ ಕೊಟ್ಟಿಗೆಯಲ್ಲಿ ಸೌನಾ ಹಲಗೆಗಳ ಪಕ್ಕದಲ್ಲೇ ಬೆಕ್ಕಿನ ಮೆಟ್ಟಿಲುಗಳೂ ಸಾಲಾಗಿ ನಿಂತಿವೆ. ಬಂದವರಿಗೆಲ್ಲ ಬೆಕ್ಕಿನ ಉಗುರು ಯಾವ ಕಡೆ ಬಾಗಿರುತ್ತದೆ ಎಂದು ಪಾಠ ಹೇಳುತ್ತಾನೆ. ಆ ಪಾಠ ಮೊದಲು ಯಾರು ಹೇಳಿದ್ದು ಎಂದು ಕೇಳಿದರೆ ಮಾತ್ರ ಕಿವಿ ಕೇಳಿಸುವುದಿಲ್ಲ.

ನಮ್ಮ ಬಳಗದ ಕಾಫಿ ಕೂಟದಲ್ಲಿ ಇದನ್ನು ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಮನೆಯಲ್ಲಿ ಒಲೆಯ ಕಟ್ಟೆ ಇಲ್ಲದಿರಬಹುದು. ಬೀರು ಇರುತ್ತದೆ, ಕಪಾಟು ಇರುತ್ತದೆ, ಎತ್ತರದ ಕಿಟಕಿ ಇರುತ್ತದೆ. ನಿಮ್ಮ ಬೆಕ್ಕು ಅಲ್ಲಿಗೆ ಹೇಗೆ ಹೋಗುತ್ತದೆ, ಅದಕ್ಕಿಂತ ಮುಖ್ಯವಾಗಿ ಹೇಗೆ ಬರುತ್ತದೆ ಎಂದು ಒಂದು ದಿನ ಕೂತು ನೋಡಿ. ಅಂಚಿನಲ್ಲಿ ನಿಂತು ಹಿಂದೆಮುಂದೆ ನೋಡುತ್ತಿದ್ದರೆ, ಮೊದಲು ನೆಗೆಯುತ್ತಿದ್ದುದು ಈಗ ನೆಗೆಯದಿದ್ದರೆ, ಅದನ್ನು ಸೋಮಾರಿ ಎನ್ನಬೇಡಿ, ಪ್ರಾಣಿ ವೈದ್ಯರಿಗೆ ತೋರಿಸಿ. ಮನೆಯ ಮಾತ್ರೆ ಕೊಡಬೇಡಿ. ಬಡಗಿ ಗಂಡ ಇಲ್ಲದಿದ್ದರೂ ಚಿಂತೆಯಿಲ್ಲ, ಅಲ್ಲಾಡದ ಒಂದು ಪೆಟ್ಟಿಗೆ, ಅದರ ಪಕ್ಕ ಒಂದು ಗಟ್ಟಿ ಸ್ಟೂಲು, ಮೇಲೆ ಜಾರದ ಬಟ್ಟೆ, ಕೆಳಗೆ ಜಾರದ ಹಾಸು, ಇಷ್ಟಾದರೂ ಸಾಕು. ಬೀರು ಕಪಾಟುಗಳನ್ನು ಗೋಡೆಗೆ ಬಿಗಿಸಿ.

ಹಬ್ಬಕ್ಕೆ ನೆಲ ತೊಳೆಯಬೇಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ನೀವು ಕೇಳುವವರೂ ಅಲ್ಲ. ಜಮಖಾನ ಎಳೆಯುವ ಮುಂಚೆ ಒಂದು ಸಲ ತಲೆಯೆತ್ತಿ ಮೇಲೆ ನೋಡಿ, ಅಷ್ಟೇ. ಅಲ್ಲಿ ಮಲಗಿರುವುದು ನಿಮ್ಮ ಜಮಖಾನವನ್ನು ನಂಬಿಕೊಂಡೇ ಮಲಗಿರುತ್ತದೆ.